ಅಕ್ಕ ಕೂರುವ ಬೆಂಚು

ಅಂಗಿ ಹೊಲಿಯುವವರಿಗೆ ಒಂದು ಅಭ್ಯಾಸ ಇರುತ್ತದೆ. ಬೇರೆಯವರು ಹೊಲಿದ ಅಂಗಿ ಕೈಗೆ ಸಿಕ್ಕರೆ ಮೊದಲು ಅದನ್ನು ಒಳಮೈ ಹೊರಗೆ ತಿರುಗಿಸಿ ನೋಡುತ್ತಾರೆ. ಮೇಲಿನ ಇಸ್ತ್ರಿ ಯಾರಿಗೆ ಬೇಕಾದರೂ ಮೋಸ ಮಾಡೀತು, ಒಳಗಿನ ಹೊಲಿಗೆ ಮಾಡುವುದಿಲ್ಲ. ಹೊಲಿಗೆ ಅಂಗಡಿಯ ಅಕ್ಕ ಪುರಸಭೆಗೆ ಆರಿಸಿ ಬಂದ ಮೇಲೆ ಅಲ್ಲಿನ ಜಮಾ-ಖರ್ಚನ್ನೂ ಹೀಗೇ ತಿರುಗಿಸಿ ನೋಡತೊಡಗಿದಳು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಕೂಡ, ಸ್ವಲ್ಪ ಹೆದರಿಕೆಯಿಂದ.

ಅವಳನ್ನು ಹಾಕಿದ್ದು ಪರಿಶೀಲನಾ ಸಮಿತಿಗೆ. ಉಳಿದ ಸಮಿತಿಗಳು ರಸ್ತೆ ಮಾಡಿಸುತ್ತವೆ, ದೀಪ ಹಾಕಿಸುತ್ತವೆ, ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಈ ಸಮಿತಿಗೆ ಫೋಟೊ ಇಲ್ಲ. ಲೆಕ್ಕ ಸರಿಯಿದೆಯೇ, ಕಾಲುಸೇತುವೆ, ಲಿಫ್ಟು, ಮಕ್ಕಳ ಜಾರುಬಂಡೆ ಗಟ್ಟಿಯಾಗಿವೆಯೇ, ಹೋದ ಸಲ ಮಾಡುತ್ತೇವೆಂದು ತಲೆಯಾಡಿಸಿದವರು ಈ ಸಲ ಮಾಡಿ ಬಂದಿದ್ದಾರೆಯೇ ಎಂದು ಕೇಳುವುದಷ್ಟೇ ಅದರ ಕೆಲಸ. ಐದು ಜನ ಸದಸ್ಯರು, ಸಭೆ ನಡೆಯಲು ಮೂವರಾದರೂ ಇರಬೇಕು, ಅದೇ ಕೋರಂ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಮಾತು ಉದ್ದವಾದಾಗ ಮೇಜಿನ ಮೇಲಿನ ಪುಟ್ಟ ಗಂಟೆಯನ್ನು ಟಿಣ್ ಎನ್ನಿಸುತ್ತಿದ್ದುದರಿಂದ ಅವರಿಗೆ ಗಂಟೆ ಮೇಷ್ಟ್ರು ಎಂದೇ ಹೆಸರು. ಇನ್ನೊಬ್ಬ ಸದಸ್ಯರು ಔಷಧಿ ಅಂಗಡಿಯ ಮಾಲೀಕರು. ಅವರ ಮಾತು ಚಿಕ್ಕದು, ಆದರೆ ಕಹಿ. ಊರು ಅವರನ್ನು ಗುಳಿಗೆ ಎಂದು ಕರೆಯುತ್ತಿತ್ತು, ಬೆನ್ನ ಹಿಂದೆ ಮಾತ್ರ.

ಈಗ ತಮ್ಮನ ವಿಷಯ ಹೇಳಬೇಕು. ಪುರಸಭೆಯ ಸುರಕ್ಷತಾ ಅಧಿಕಾರಿ ಅಕ್ಕನ ಒಡಹುಟ್ಟಿದ ತಮ್ಮ. ತಾಯಿ ಹೋದಾಗ ಅವನಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ; ಅಕ್ಕನೇ ಎತ್ತಿ ಬೆಳೆಸಿದವಳು. ಹೊಲಿಗೆ ಯಂತ್ರ ತುಳಿದು ಓದಿಸಿದಳು, ಅವನ ಶಾಲೆಯ ಅಂಗಿಗಳ ಒಳಗೆ ಮುಂದಿನ ವರ್ಷಕ್ಕೂ ಆಗಲೆಂದು ನಾಲ್ಕು ಬೆರಳು ಬಟ್ಟೆ ಬಿಟ್ಟು ಹೊಲಿದಳು. ಅವನು ದೊಡ್ಡವನಾಗಿ ಊರಿನ ಕಟ್ಟಡಗಳನ್ನೆಲ್ಲ ತಟ್ಟಿ ನೋಡುವ ಕೆಲಸ ಹಿಡಿದ. ಮದುವೆ ಮಾತ್ರ ಆಗಲಿಲ್ಲ. ಭಾನುವಾರದ ಊಟಕ್ಕೆ ಅಕ್ಕನ ಮನೆಗೆ ಬರುವುದು ತಪ್ಪಿಸುತ್ತಿರಲಿಲ್ಲ.

ಸಮಿತಿಗೆ ಒಂದು ನಿಯಮವಿತ್ತು. ಸದಸ್ಯರ ನೆಂಟರ ಕೆಲಸದ ವಿಷಯ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು, ಆ ಹಾಳೆಗಳನ್ನೂ ನೋಡಬಾರದು. ಒಳ್ಳೆಯ ನಿಯಮವೇ. ಅಷ್ಟನ್ನೇ ಪಾಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೊದಲ ಸಭೆಯಲ್ಲೇ ಗುಳಿಗೆ ಕನ್ನಡಕದ ಮೇಲಿನಿಂದ ನೋಡಿ, "ಪ್ರಶ್ನೆ ಕೇಳೋದು ಅಕ್ಕ, ಉತ್ತರ ಹೇಳೋದು ತಮ್ಮ. ಭಾನುವಾರ ಊಟದ ಜೊತೆ ಎರಡೂ ತಯಾರಾಗುತ್ತೆ, ಅಲ್ವಾ?" ಎಂದರು.

ಅಕ್ಕನಿಗೆ ಉರಿದುಹೋಯಿತು. ಎದ್ದು ನಿಂತು, "ಬರ್ಕೊಳಿ ಹಾಗಾದ್ರೆ," ಎಂದಳು ಕಾರ್ಯದರ್ಶಿಯತ್ತ ತಿರುಗಿ. "ನಾನು ಈ ಸಮಿತೀಲಿ ಇರೋವರೆಗೂ ನನ್ನ ತಮ್ಮ ನನ್ನ ಮನೆ ಹೊಸ್ತಿಲು ತುಳಿಯೋದಿಲ್ಲ."

ಕಾರ್ಯದರ್ಶಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುವ ಹೆಂಗಸು. ನಡಾವಳಿಯಲ್ಲಿ ಬರೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತಿ ತಮ್ಮನ ಕಿವಿಗೂ ಬಿತ್ತು.

ಅಕ್ಕ ಅಂದುಕೊಂಡದ್ದು ಏನೆಂದರೆ, ಅವನು ಓಡಿ ಬರುತ್ತಾನೆ, ಬಾಗಿಲಲ್ಲಿ ನಿಂತು ಜಗಳ ಆಡುತ್ತಾನೆ, 'ಇದೇನಕ್ಕ ನಿನ್ನ ಹುಚ್ಚು' ಎನ್ನುತ್ತಾನೆ, ತಾನು ನಾಲ್ಕು ಬೈದು ಒಳಗೆ ಕರೆಯುತ್ತೇನೆ ಎಂದು. ಆ ಭಾನುವಾರ ಒಂದು ತಟ್ಟೆ ಹೆಚ್ಚಿಗೆ ಇಟ್ಟುಕೊಂಡೇ ಕಾದಳು. ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಚಿಕ್ಕಂದಿನಿಂದ ಅಕ್ಕ ಹಾಕಿದ ಗೆರೆ ದಾಟಿದವನಲ್ಲ ಅವನು. ಹಾಗೆ ಬೆಳೆಸಿದವಳು ಇವಳೇ. ದಾಟಲಿ ಎಂದು ಇವಳು ಕಾದಳು, ದಾಟಬಾರದು ಎಂದು ಅವನು ನಿಂತ. ಹೀಗೆ ವರ್ಷಗಳೇ ಹೋದವು.

"ಹಠದಲ್ಲಿ ನೀವಿಬ್ಬರೂ ಒಂದೇ ಥಾನಿನ ಬಟ್ಟೆ," ಎನ್ನುತ್ತಿದ್ದ ಅವಳ ಗಂಡ. ಅವನು ಆಗಾಗ ಭಾವಮೈದುನನ ಮನೆಗೆ ಹೋಗಿ ಬರುತ್ತಿದ್ದ. ಬಂದವನ ಹತ್ತಿರ ನೇರವಾಗಿ ಕೇಳುವುದು ಅಕ್ಕನಿಂದ ಆಗುತ್ತಿರಲಿಲ್ಲ. ಬಟ್ಟೆ ಮಡಚುತ್ತ, "ಅಲ್ಲಿ ಆ ಹಳೇ ಫ್ಯಾನು ತಿರುಗ್ತಾ ಇದೆಯಾ?" ಎಂದು ಕೇಳುವಳು.

"ಫ್ಯಾನು ಚೆನ್ನಾಗಿದೆ," ಎನ್ನುವನು ಗಂಡ. "ಸ್ವಲ್ಪ ತೆಳ್ಳಗಾಗಿದೆ. ರಾತ್ರಿ ಸರಿಯಾಗಿ ಊಟ ಮಾಡಲ್ಲ ಅನ್ಸುತ್ತೆ."

ಹಾಗಂತ ಅಕ್ಕ ತಮ್ಮನನ್ನು ನೋಡುತ್ತಲೇ ಇರಲಿಲ್ಲ ಎಂದಲ್ಲ. ಪ್ರತಿ ಸಭೆಯಲ್ಲೂ ನೋಡುತ್ತಿದ್ದಳು, ಬಾಗಿಲ ಬಳಿ. ಲೆಕ್ಕದ ವಿಷಯ ಮುಗಿಯುತ್ತಿದ್ದಂತೆ ಕಾರ್ಯದರ್ಶಿ, "ಮುಂದಿನದು ಸುರಕ್ಷತಾ ವರದಿ," ಎನ್ನುವಳು. ಅಕ್ಕ ಕೈಚೀಲ ಎತ್ತಿಕೊಂಡು ಏಳುವಳು. ತಮ್ಮ ಕಡತ ಹಿಡಿದು ಒಳಗೆ ಬರುವನು. ಆ ಹಳೆಯ ಬಾಗಿಲು ಇಬ್ಬರು ಒಟ್ಟಿಗೆ ಹಾಯುವಷ್ಟು ಅಗಲವಿರಲಿಲ್ಲ. ಯಾರಾದರೊಬ್ಬರು ಪಕ್ಕಕ್ಕೆ ಸರಿಯಬೇಕಿತ್ತು. ಯಾವಾಗಲೂ ಸರಿಯುತ್ತಿದ್ದವನು ಅವನೇ. ಆ ಒಂದು ಗಳಿಗೆಯಲ್ಲಿ ಅಕ್ಕ ಅವನ ಮುಖ ನೋಡುತ್ತಿರಲಿಲ್ಲ, ಅಂಗಿ ನೋಡುತ್ತಿದ್ದಳು. ಕಾಲರು ಸವೆದದ್ದು, ಕೈ ಅಂಚು ಬಿಚ್ಚಿದ್ದು, ಇಸ್ತ್ರಿ ಒಂದೇ ಕಡೆ ಆದದ್ದು ಎಲ್ಲವೂ ಕಣ್ಣಿಗೆ ಬೀಳುತ್ತಿತ್ತು. ಮನೆಗೆ ಹೋಗಿ ಯಂತ್ರದ ಮುಂದೆ ಕೂತರೆ ಬೇರೆಯವರ ಅಂಗಿಗಳ ಮೇಲೆಲ್ಲ ಆ ಕಾಲರೇ ಕಾಣುತ್ತಿತ್ತು.

ಹೊರಗೆ ಕಾರಿಡಾರಿನಲ್ಲಿ ಅವಳು ಕಾಯಲು ಒಂದು ಮರದ ಬೆಂಚು. ಅವಳ ಕಡತದಿಂದ ತಮ್ಮನ ವರದಿಯ ಹಾಳೆಗಳನ್ನು ಕಾರ್ಯದರ್ಶಿ ಮೊದಲೇ ತೆಗೆದಿರುತ್ತಿದ್ದಳು. ಎಲ್ಲರ ಕಡತ ದಪ್ಪ, ಅಕ್ಕನದು ತೆಳು. ಬಾಗಿಲಿನ ಆಚೆ ತಮ್ಮನ ದನಿ ಗುಂಯ್ ಎಂದು ಕೇಳುತ್ತಿತ್ತು, ಶಬ್ದ ಬಿಡಿಸಲು ಬರುತ್ತಿರಲಿಲ್ಲ. ಕಿವಿ ಕೊಡಬಾರದೆಂದು ಅವಳು ಮನಸ್ಸಿನಲ್ಲೇ ಅಳತೆಗಳನ್ನು ಹೇಳಿಕೊಳ್ಳುತ್ತ ಕೂರುವಳು.

ಆ ಬೆಂಚು ಮಾತ್ರ ವಿಚಿತ್ರದ್ದು. ಮೊದಲು ಗಡಿಯಾರದ ಕೆಳಗಿತ್ತು. ಒಂದು ಸಭೆಗೆ ಬಂದು ನೋಡಿದರೆ ಕಂಬದ ಪಕ್ಕಕ್ಕೆ ಬಂದಿತ್ತು. ಆಮೇಲೆ ಕಿಟಕಿಯ ಹತ್ತಿರ. ಅಲ್ಲಾಡುತ್ತಿದ್ದ ಕಾಲಿಗೆ ಯಾರೋ ಮೊಳೆ ಹೊಡೆದಿದ್ದರು. ಇನ್ನೊಮ್ಮೆ ಬಂದರೆ ಬೆನ್ನಿಗೆ ಒರಗಲು ಹಲಗೆ. ಮತ್ತೊಮ್ಮೆ ತಲೆಯ ಮೇಲೆ ಹೊಸ ದೀಪ. ಇದೆಲ್ಲ ಅಟೆಂಡರನ ಒಳ್ಳೆಯತನ ಎಂದು ಅಕ್ಕ ನಂಬಿದಳು. "ನಿನ್ನ ಹೊಟ್ಟೆ ತಣ್ಣಗಿರಲಪ್ಪ," ಎಂದು ಅವನ ಎರಡು ಪ್ಯಾಂಟುಗಳನ್ನು ಪುಕ್ಕಟೆ ಮೋಟು ಮಾಡಿಕೊಟ್ಟಳು. ಅಟೆಂಡರ್ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ, ಪ್ಯಾಂಟು ಮಾತ್ರ ಎರಡೂ ಕೈ ಚಾಚಿ ತೆಗೆದುಕೊಂಡ.

ಹೀಗಿರುವಾಗ ಗಂಡ ಸುದ್ದಿ ತಂದ. ತಮ್ಮನಿಗೆ ವರ್ಗವಾಗಿದೆ. ರೈಲಿನಲ್ಲಿ ಒಂದು ರಾತ್ರಿಯ ದಾರಿಯ ಊರು. ಬರುವ ಸಭೆಗೆ ವರದಿ ಒಪ್ಪಿಸಿ ಹೊರಡುತ್ತಾನೆ.

ಅಕ್ಕನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಮನೆಗೆ ಬರದಿದ್ದರೂ ತಮ್ಮ ಅದೇ ಊರಿನಲ್ಲಿದ್ದ, ಬಾಗಿಲ ಬಳಿ ಅವನ ಅಂಗಿಯಾದರೂ ಸಿಗುತ್ತಿತ್ತು. ಇನ್ನು ಅದೂ ಇಲ್ಲ. ಅವನು ಬೇಕು ಎಂದು ಅವಳಿಗೆ ಎಷ್ಟೋ ದಿನಗಳಿಂದ ಅನ್ನಿಸುತ್ತಿತ್ತು. ಅಂದು ಅದು ಹಸಿವಿನ ಹಾಗೆ ಹೊಟ್ಟೆಯಲ್ಲೇ ಕೂತಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ಈ ಸಲ ಬಾಗಿಲ ಬಳಿ ಅವನು ಸರಿಯುವಾಗ ಒಂದು ಮಾತು ಆಡಿಬಿಡಬೇಕು. ಯಾವ ಮಾತು? ತಪ್ಪಾಯಿತು ಎನ್ನುವುದೇ? ಅದಕ್ಕೆ ಬಾಗಿಲ ಬಳಿಯ ಒಂದು ಗಳಿಗೆ ಸಾಲದು. ಬಹಳ ಯೋಚಿಸಿ, ಬಿಟ್ಟು, ಮತ್ತೆ ಯೋಚಿಸಿ, 'ಊಟ ಆಯ್ತಾ' ಎಂದು ಕೇಳುವುದೇ ಸರಿ ಎನ್ನಿಸಿತು. ಅಷ್ಟು ಕೇಳಿದರೆ ಅವನಿಗೆ ಉಳಿದದ್ದು ತಿಳಿಯುತ್ತದೆ.

ಸಭೆಯ ದಿನ ಇಬ್ಬರು ಸದಸ್ಯರು ಬಂದಿರಲಿಲ್ಲ. ಒಬ್ಬರಿಗೆ ಜ್ವರ, ಇನ್ನೊಬ್ಬರು ಪರವೂರಿಗೆ ಹೋಗಿದ್ದರು. ಗಂಟೆ ಮೇಷ್ಟ್ರು, ಗುಳಿಗೆ, ಅಕ್ಕ, ಮೂವರೇ. ಹಿಂದಿನ ನಡಾವಳಿ ಓದಿದ್ದಾಯಿತು. ಲೆಕ್ಕಕ್ಕೆ ಬಂದಾಗ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು. ಕಟ್ಟಡದ ಹೊರಗೋಡೆಗೆ ಬಣ್ಣ ಹೊಡೆಸಲು ತೆಗೆದಿಟ್ಟ ಹಣ ಎರಡು ವರ್ಷದಿಂದ ಹಾಗೇ ಬಿದ್ದಿದೆ, ಯಾಕೆ? ಲೆಕ್ಕಾಧಿಕಾರಿ ತಲೆ ಕೆರೆದುಕೊಂಡು ಮುಂದಿನ ಸಲ ಹೇಳುತ್ತೇನೆಂದು ಎದ್ದುಹೋದರು. ಮೊದಲಾಗಿದ್ದರೆ ಅಕ್ಕ ಇನ್ನೂ ಎಳೆಯುತ್ತಿದ್ದಳು. ಇಂದು ಅವಳ ಮನಸ್ಸೆಲ್ಲ ಬಾಗಿಲ ಮೇಲೆ.

"ಮುಂದಿನದು ಸುರಕ್ಷತಾ ವರದಿ," ಎಂದಳು ಕಾರ್ಯದರ್ಶಿ.

ಅಕ್ಕ ಎದ್ದಳು. ಬಾಗಿಲು ತೆರೆಯಿತು. ತಮ್ಮ ಪಕ್ಕಕ್ಕೆ ಸರಿದ. ನೀಲಿ ಅಂಗಿ; ಎದೆಯ ಗುಂಡಿಯನ್ನು ಕರಿಯ ದಾರದಲ್ಲಿ ತಾನೇ ಹೊಲಿದುಕೊಂಡಿದ್ದಾನೆ, ಅದೂ ಸೊಟ್ಟಗೆ. ಅಕ್ಕ ಬಾಯಿ ತೆರೆದಳು.

ಟಿಣ್ ಎಂದಿತು ಗಂಟೆ.

"ಅಕ್ಕಾ, ಹೋಗಬೇಡಿ," ಎಂದರು ಮೇಷ್ಟ್ರು. "ನೀವು ಹೋದ್ರೆ ನಾವು ಇಬ್ಬರೇ ಉಳೀತೀವಿ. ಕೋರಂ ಹೋಗುತ್ತೆ."

"ಮುಂದಿನ ತಿಂಗಳಿಗೆ ಹಾಕಿ," ಎಂದರು ಗುಳಿಗೆ.

"ಇದು ಮುಂದಿನ ತಿಂಗಳವರೆಗೂ ಕಾಯೋ ವಿಷಯ ಅಲ್ಲ ಸಾರ್," ಎಂದ ತಮ್ಮ. ಅವನ ದನಿ ಅಕ್ಕನ ಕಿವಿಯ ಪಕ್ಕದಲ್ಲೇ ಕೇಳಿತು.

ಕಾರ್ಯದರ್ಶಿ ನಿಯಮದ ಪುಸ್ತಕ ತೆರೆದಳು. ಕೋರಂ ಮುರಿಯುವುದಾದರೆ ನೆಂಟರಾದ ಸದಸ್ಯರು ಒಳಗೇ ಕೂರಬಹುದು. ಮಾತಾಡಬಾರದು, ಕೈ ಎತ್ತಬಾರದು. ಕೂತಿರಬೇಕು, ಅಷ್ಟೇ.

ಅಕ್ಕ ತಿರುಗಿ ಬಂದು ಕೂತಳು. ಆಡಬೇಕೆಂದಿದ್ದ ಮಾತು ಆಡದೇ ಉಳಿಯಿತು. ಎಲ್ಲ ಬಿಟ್ಟು ಇವತ್ತೇ ಕೋರಂ ಮುರಿಯಬೇಕೆ ಎಂದು ಆ ಜ್ವರದವರನ್ನೂ ಪರವೂರಿನವರನ್ನೂ ಒಳಗೊಳಗೇ ಶಪಿಸಿದಳು. ಆದರೆ ತಮ್ಮ ಎದುರಿನ ಕುರ್ಚಿಯಲ್ಲಿ ಕೂತು ಮಾತು ಶುರು ಮಾಡಿದಾಗ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಬಾಗಿಲಿನ ಆಚೆಯ ಗುಂಯ್ ಈಗ ಮಾತಾಗಿ ಕೇಳುತ್ತಿತ್ತು. ವಾಕ್ಯ ಮುಗಿಸುವ ಮುಂಚೆ ಸ್ವಲ್ಪ ತಡೆಯುವ ಅಭ್ಯಾಸ ಇನ್ನೂ ಹಾಗೇ ಇದೆ. ಶಾಲೆಯ ಪದ್ಯ ಒಪ್ಪಿಸುವಾಗಲೂ ಹೀಗೇ ತಡೆಯುತ್ತಿದ್ದ, ಇವಳು ಯಂತ್ರ ತುಳಿಯುತ್ತ ಮುಂದಿನ ಸಾಲು ಹೇಳಿಕೊಡುತ್ತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಯಾವಾಗ ಆಯಿತು ಇದು? ತನ್ನನ್ನು ಕೇಳದೆ ಇವನು ಯಾವಾಗ ಇಷ್ಟು ವಯಸ್ಸಾದವನಾದ?

ತಮ್ಮ ಹೇಳುತ್ತಿದ್ದದ್ದು ಇದೇ ಕಟ್ಟಡದ ವಿಷಯ. ಕಾರಿಡಾರಿನ ಮೇಲಿನ ತೊಲೆಯ ಕಬ್ಬಿಣ ತುಕ್ಕು ತಿಂದಿದೆ, ಬಿರುಕು ಈಗ ಈ ಕೋಣೆಯ ಚಾವಣಿಗೂ ಬಂದಿದೆ. ಗಾರೆ ಬಿದ್ದ ಮೇಲೆ ಮುಚ್ಚುವುದಕ್ಕಿಂತ ಕಾರಿಡಾರು, ಕೋಣೆ ಎರಡನ್ನೂ ಇವತ್ತೇ ಮುಚ್ಚಬೇಕು.

"ಊರಿನ ಸುರಕ್ಷತೆ ನೋಡೋರು ನಾವು, ನಮ್ಮ ತಲೆ ಮೇಲೇ ಸೂರಿಲ್ಲ ಅನ್ನಿ," ಎಂದರು ಮೇಷ್ಟ್ರು ಮೇಲೆ ನೋಡುತ್ತ. ದೀಪದ ಬುಡದ ಕತ್ತಲೆಯಲ್ಲಿ ಹುಡುಕಿದವರು ಯಾರು!

"ಮುಚ್ಚೋದು ಸುಲಭ. ದುರಸ್ತಿಗೆ ಹಣ ಎಲ್ಲಿದೆ?" ಎಂದರು ಗುಳಿಗೆ.

ಅಕ್ಕನ ನಾಲಿಗೆ ತುದಿಗೆ ಉತ್ತರ ಬಂತು. ಹಲ್ಲು ಕಚ್ಚಿ ಕೂತಳು. ಮೇಷ್ಟ್ರು ಅವಳ ಮುಖ ನೋಡಿದರು, ಹಳೆಯ ಮೇಷ್ಟ್ರಿಗೆ ಉತ್ತರ ಗೊತ್ತಿರುವವರ ಮುಖ ತಿಳಿಯದೇ ಇರುತ್ತದೆಯೇ. "ಈಗ ತಾನೇ ಕೇಳಿದ್ದಲ್ವಾ, ಬಣ್ಣದ ಹಣ ಹಾಗೇ ಬಿದ್ದಿದೆ ಅಂತ," ಎಂದರು. "ಬೀಳೋ ಗೋಡೆಗೆ ಬಣ್ಣ ಯಾಕೆ? ಆ ಹಣಾನ ಇದಕ್ಕೆ ಹಾಕಿ ಅಂತ ಶಿಫಾರಸು ಮಾಡೋಣ."

ಗುಳಿಗೆ ತಲೆಯಾಡಿಸಿದರು. ತಮ್ಮ ಕೊನೆಯ ಹಾಳೆ ತಿರುವಿದ. ಸ್ವಲ್ಪ ತಡೆದ. ಅಕ್ಕನ ಕಡೆ ನೋಡಲಿಲ್ಲ.

"ಇನ್ನೊಂದು. ಕಾರಿಡಾರಿನ ಬೆಂಚು," ಎಂದ.

ಗುಳಿಗೆ ಗಹಗಹಿಸಿ ನಕ್ಕರು. "ಬಂತಪ್ಪಾ ಬೆಂಚು! ಅಧ್ಯಕ್ಷರೇ, ಬೆಂಚಿಲ್ಲದ ಒಂದು ವರದಿ ಈ ಮನುಷ್ಯ ಇವತ್ತಿನವರೆಗೂ ಕೊಟ್ಟಿಲ್ಲ ನೋಡಿ. ಗಡಿಯಾರದ ಕೆಳಗಿಂದ ಸರಿಸಿ, ಅಲ್ಲಿ ಗಾರೆ ಸಡಿಲ ಇದೆ. ಕಾಲು ಅಲ್ಲಾಡುತ್ತೆ, ಮೊಳೆ ಹೊಡೀರಿ. ಒರಗೋಕೆ ಹಲಗೆ ಹಾಕಿ. ದೀಪ ಹಾಕಿ. ಊರಲ್ಲಿ ಇಷ್ಟು ಸೇತುವೆ ಇದೆ, ಇಷ್ಟು ಲಿಫ್ಟ್ ಇದೆ, ಇವರ ಜೀವ ಎಲ್ಲಾ ಆ ಬೆಂಚಿನ ಮೇಲೆ! ಅಲ್ಲಾ, ಅಲ್ಲಿ ಕೂರೋರು ಯಾರ್ರೀ..."

ಅಲ್ಲಿಗೆ ಅವರಿಗೇ ಹೊಳೆಯಿತು. ನಗು ಅರ್ಧಕ್ಕೆ ನಿಂತಿತು. ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು, ಎಷ್ಟು ಒರೆಸಿದರೂ ಅದು ಸ್ವಚ್ಛವಾಗುವ ಲಕ್ಷಣ ಕಾಣಲಿಲ್ಲ.

ಆ ಬೆಂಚಿನ ಮೇಲೆ ಕೂರುತ್ತಿದ್ದವಳು ಅಕ್ಕ ಒಬ್ಬಳೇ. ತಮ್ಮನ ವರದಿ ಬಂದಾಗಲೆಲ್ಲ ಎದ್ದು ಹೋದದ್ದರಿಂದ, ಸಮಿತಿಗೆಲ್ಲ ಗೊತ್ತಿದ್ದ ಆ ಬೆಂಚಿನ ಸುದ್ದಿ ಗೊತ್ತಿಲ್ಲದಿದ್ದವಳೂ ಅವಳೊಬ್ಬಳೇ. ಅಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಎತ್ತುವಂತಿಲ್ಲ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ಅಂದುಕೊಂಡಳು. ಹಾಗೇ ಹರಿಯಲು ಬಿಟ್ಟಳು.

"ಬೆಂಚಿನ ವಿಷಯ ಏನು ಶಿಫಾರಸು?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ತೆಗೆದು ಹೊರಗೆ ಅಂಗಳಕ್ಕೆ ಹಾಕಬೇಕು. ಅಲ್ಲೇ ಬಿಟ್ರೆ ಯಾರಾದ್ರೂ ಬಂದು ಕೂತ್ಕೋತಾರೆ."

"ಒಪ್ಪಿದೆ," ಎಂದರು ಮೇಷ್ಟ್ರು.

"ನಂದೂ ಒಪ್ಪಿಗೆ," ಎಂದರು ಗುಳಿಗೆ, ಕನ್ನಡಕ ಒರೆಸುತ್ತಲೇ.

ಗಂಟೆ ಟಿಣ್ ಎಂದಿತು. ಸಭೆ ಮುಗಿಯಿತು. ಎಲ್ಲರೂ ಇಳಿದುಹೋದರು, ಅಟೆಂಡರ್ ಬೀಗ ತರಲು ಹೋದ. ಕೋಣೆಯಲ್ಲಿ ಯಾರೂ ಉಳಿದಿಲ್ಲವೆಂದು ನೋಡಿಕೊಂಡು ಕೊನೆಗೆ ಹೊರಬರುವುದು ತಮ್ಮನ ಕೆಲಸ. ಅವನು ಬಂದಾಗ ಅಕ್ಕ ಆ ಬೆಂಚಿನ ಮೇಲೇ ಕೂತಿದ್ದಳು.

"ಅಕ್ಕಾ, ಅಲ್ಲಿ ಕೂರಬಾರದು," ಎಂದ ಅವನು. ಇಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು.

"ಹಿಡ್ಕೋ ಆ ಕಡೆ," ಎಂದಳು ಅಕ್ಕ ಏಳುತ್ತ. "ಒಬ್ಬನೇ ಎತ್ತೋಕಾಗಲ್ಲ ಇದನ್ನ."

ಇಬ್ಬರೂ ಎತ್ತಿದರು. ಬೆಂಚು ಭಾರವಿತ್ತು. ತಮ್ಮ ಹಿಮ್ಮುಖವಾಗಿ ಹೆಜ್ಜೆ ಇಟ್ಟ, ಅಕ್ಕ ಅವನನ್ನು ನೋಡುತ್ತ ಮುಂದೆ ನಡೆದಳು. ಅವನು ಹೈಸ್ಕೂಲಿನಲ್ಲಿದ್ದಾಗ ಮನೆ ಬದಲಿಸುವಾಗ ಹೊಲಿಗೆ ಯಂತ್ರದ ಮೇಜನ್ನು ಹೀಗೇ ಹೊತ್ತಿದ್ದರು.

"ಮೆಟ್ಟಿಲು ಬಂತು," ಎಂದಳು ಅಕ್ಕ. "ನೋಡ್ಕೊಂಡು. ಇನ್ನೊಂದು ಇದೆ." ಸ್ವಲ್ಪ ಇಳಿದ ಮೇಲೆ ಕೇಳಿದಳು, "ಎಷ್ಟು ಸಲ ಬರೆದ್ಯೋ ಈ ಬೆಂಚಿನ ವಿಷಯ?"

"ನೀನು ಎದ್ದು ಹೋದಷ್ಟು ಸಲ."

ಮುಂದಿನ ಮೆಟ್ಟಿಲು ಬಂದದ್ದನ್ನು ಅಕ್ಕನಿಗೆ ಹೇಳಲಾಗಲಿಲ್ಲ. ಅವನೇ ಕಾಲಿನಲ್ಲಿ ತಡವಿ ಇಳಿದ.

ಅಂಗಳದಲ್ಲಿ ಗೋಡೆಯಿಂದ ದೂರ ಬೆಂಚನ್ನು ಇಳಿಸಿದರು. ತಮ್ಮ ಅಭ್ಯಾಸದಂತೆ ಒಮ್ಮೆ ಮೇಲೆ ನೋಡಿದ, ಬರೀ ಆಕಾಶ. ಕೂತರು. ಅಕ್ಕನ ಕೈಚೀಲದಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ. ಹುಡುಕಿ ನೀಲಿ ದಾರ ತೆಗೆದಳು, ಹೇಳದೆ ಕೇಳದೆ ಅವನ ಎದೆಯ ಗುಂಡಿಯ ಕರಿಯ ದಾರ ಕತ್ತರಿಸಿದಳು. ಅವನು ಚಿಕ್ಕಂದಿನ ಹಾಗೆ ಗಲ್ಲ ಎತ್ತಿಕೊಂಡು ಅಲ್ಲಾಡದೆ ಕೂತ.

"ಊಟ ಆಯ್ತೇನೋ?" ಎಂದಳು ಸೂಜಿ ಪೋಣಿಸುತ್ತ.

"ಇಲ್ಲ."

ಮನೆಗೆ ಬಾ ಎನ್ನುವಂತಿರಲಿಲ್ಲ. ಆಡಿದ ಮಾತು ನಡಾವಳಿ ಪುಸ್ತಕದಲ್ಲಿತ್ತು. "ನಾಳೆನೇ ಈ ಸಮಿತಿ ಬಿಟ್ಟುಬಿಡ್ತೀನಿ," ಎಂದಳು.

"ಬೇಡ. ನೀನು ಬಿಟ್ರೆ ಒಳಹೊಲಿಗೆ ನೋಡೋರು ಯಾರು? ಬಣ್ಣದ ಹಣ ಬಣ್ಣವಾಗೇ ಹೋಗುತ್ತೆ."

"ಮತ್ತೆ ನೀನು ಹೊರಟೆಯಲ್ಲೋ."

"ನಾಡಿದ್ದು." ತಮ್ಮ ಆಕಾಶವನ್ನೇ ನೋಡುತ್ತಿದ್ದ. ವಾಕ್ಯ ಮುಗಿಸುವ ಮುಂಚೆ ತಡೆಯುವ ಹಾಗೆ ತಡೆದ. "ಅಲ್ಲಿಗೆ ಬಾ ಅಕ್ಕ. ಆ ಊರಲ್ಲಿ ನೀನು ಯಾವ ಸಮಿತೀಲೂ ಇಲ್ಲ."

ಅಕ್ಕ ಹೂಂ ಎಂದಳೋ ಇಲ್ಲವೋ, ದಾರ ಹಲ್ಲಿನ ನಡುವೆ ಇತ್ತು. ಅಟೆಂಡರ್ ಮೇಲಿನ ಬಾಗಿಲಿಗೆ ಬೀಗ ಹಾಕಿದ ಸದ್ದು ಕೇಳಿತು. ಗುಂಡಿ ಹೊಲಿದು ಆಗಿತ್ತು, ಗಟ್ಟಿಯಾಗಿಯೇ ಕೂತಿತ್ತು. ಆದರೂ ಅವಳು ದಾರ ಕತ್ತರಿಸಲಿಲ್ಲ. ಇನ್ನೊಂದು ಸುತ್ತು ಸುತ್ತಿದಳು.